ಎರಡು ಮಯೂರ, ಒಂದು ಡೈನಮೊ

ಬೈಲಹೊಂಗಲದ ನಿಲ್ದಾಣದಲ್ಲಿ ಕಾಡಪ್ಪ ರಾಮದುರ್ಗದಿಂದ ಬರುವ ಬಸ್ಸಿಗೆ ಕಾಯುತ್ತಿದ್ದ. 'ಮಯೂರ' ಎಂಬ ಅಗ್ಗದ ಕಾರಿನ ಕಂಪನಿ ಮೂವರು ಮಾಲೀಕರ ಕೈ ದಾಟಿ ೧೯೭೪ರಲ್ಲಿ ಮುಚ್ಚಿತ್ತು. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಈ ಸೀಮೆಯಲ್ಲಿ ಉಳಿದದ್ದು ಎರಡೇ ಮಯೂರ: ಅವನದು, ರಾಮದುರ್ಗದ ಸೋಮಪ್ಪನದು. ಎರಡಕ್ಕೂ ಸೇರಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಸರಿಯಿದ್ದದ್ದು ಒಂದೇ. ಅದು ತಿಂಗಳು ಇಲ್ಲಿ, ತಿಂಗಳು ಅಲ್ಲಿ, ಬಸ್ ಡ್ರೈವರನ ಕಾಲ ಬಳಿ ಕುಳಿತು ಓಡಾಡುತ್ತಿತ್ತು. ಜೊತೆಗೊಂದು ಚೀಟಿ: 'ಕೂಸು ಬಂತು, ಚಲೋ ನೋಡ್ಕೊರಿ.' ಒಂಟಿ ಕಾಡಪ್ಪನಿಗೆ ಬರುತ್ತಿದ್ದ ಕಾಗದ ಅದೊಂದೇ. ಇಬ್ಬರ ಭೇಟಿ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತಲೇ ಇತ್ತು.

ಈ ಸಲ ಡೈನಮೊ ಬಂತು, ಚೀಟಿ ಬರಲಿಲ್ಲ.

"ಚೀಟಿ ಎಲ್ಲೈತ್ರಿ?"

"ಬರಿಯೋರ ಹೋಗಿಬಿಟ್ರಲ್ರಿ, ಕಾಡಪ್ಪಾರ," ಎಂದ ಡ್ರೈವರ್. "ಇನ್ನ ಇದು ನಿಮ್ಮ ಕಡೇನ ಇರಲಿ ಅಂತ ಅವರ ಮನ್ಯಾಗ ಹೇಳ್ಯಾರ."

ಕಾಡಪ್ಪ ಡೈನಮೊ ಜೋಡಿಸಿದ. ಮಧ್ಯಾಹ್ನ ಅವನ ಕಾರು ಮೊದಲ ಬಾರಿಗೆ ರಾಮದುರ್ಗಕ್ಕೆ ಹೊರಟಿತು.