ಎಸೆಯದೆ ಬಿಟ್ಟ ದಾಳ

ವೆಂಡೆಲ್ ಬ್ರಾಂಟ್ನರ್ ಮೂವತ್ತೆರಡು ವರ್ಷ ಪ್ಲಿಮತ್ ಊರಿನ ಚೀಸ್ ಕಾರ್ಖಾನೆಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಮಾಡಿದ. ಕೊಬ್ಬು, ಹುಳಿ, ಉಷ್ಣತೆ ಮೂರನ್ನೂ ಅಳೆಯದೆ ಒಂದು ಲಾರಿಗೂ ಅವನು ಸಹಿ ಹಾಕಿದವನಲ್ಲ. "ಈ ಫಾರ್ಮ್ ಹಾಲು ಯಾವಾಗ್ಲೂ ಚೆನ್ನಾಗೇ ಇರುತ್ತಲ್ಲಪ್ಪ" ಎಂದು ಚಾಲಕ ಅವಸರ ಮಾಡಿದರೆ, "ಯಾವಾಗ್ಲೂ ಅನ್ನೋದು ನಿನಗೆ ಗೊತ್ತು. ಇವತ್ತಿಂದು ನನಗಿನ್ನೂ ಗೊತ್ತಿಲ್ಲ" ಎನ್ನುತ್ತಿದ್ದ. ಚಾಲಕರಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ.

ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ಮಾತ್ರ ಅವನು ಬೇರೆ ಮನುಷ್ಯ. ೧೯೮೫ರಿಂದ ಅವನ ಮನೆಯ ನೆಲಮಾಳಿಗೆಯಲ್ಲಿ, ಮನೆ ಬೆಚ್ಚಗಿಡುವ ಬಿಸಿಗಾಳಿಯ ಒಲೆಯ ಪಕ್ಕದ ಹಳೇ ಪಿಂಗ್‌ಪಾಂಗ್ ಮೇಜಿನ ಮೇಲೆ, ಆಟ ನಡೆಯುತ್ತ ಬಂದಿದೆ. ಹೆಚ್ಚಾಗಿ ಬಾಯಿಮಾತಿನಲ್ಲೇ ಆಡುವ ಆಟ. ವೆಂಡೆಲ್ ಕಾಡು, ಕೋಟೆ, ಗವಿಗಳನ್ನು ಬಣ್ಣಿಸುತ್ತಾನೆ. ಉಳಿದವರು ತಲಾ ಒಬ್ಬ ಸಾಹಸಿಯಾಗಿ ಅದರೊಳಗೆ ನಡೆಯುತ್ತಾರೆ. ಯಾರು ಎಲ್ಲಿದ್ದಾರೆಂದು ಚೌಕ ಹಾಕಿದ ನಕ್ಷೆಯ ಮೇಲಿನ ಪುಟ್ಟ ಗೊಂಬೆಗಳು ತೋರಿಸುತ್ತವೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಗವಿ ಎಂದರೆ ಅಲ್ಲಿ ಗಾಬ್ಲಿನ್‌ಗಳು ಇದ್ದೇ ಇರುತ್ತವೆ: ಕುಳ್ಳು ದೇಹ, ಹಸಿರು ಚರ್ಮ, ಕೋರೆಹಲ್ಲು. ಅವು ಹುಟ್ಟಾ ದುಷ್ಟ ಜೀವಿಗಳು ಎಂದು ಆಟದ ನಿಯಮದ ಪುಸ್ತಕದಲ್ಲೇ ಅಚ್ಚಾಗಿತ್ತು.

ಮೊದಲು ಎಂಟು ಮಂದಿ ಬರುತ್ತಿದ್ದರು. ಕೆಲವರು ಊರು ಬಿಟ್ಟರು, ಕೆಲವರು ಲೋಕ ಬಿಟ್ಟರು. ಉಳಿದವರು ಇಬ್ಬರು. ಒಬ್ಬಳು ಶಾಲೆಯ ಬಸ್ಸು ಓಡಿಸುವ ಮಾರ್ಲಿಸ್. ಇನ್ನೊಬ್ಬ ಡ್ವೇನ್ ಸ್ಟೂಬ್ಸ್. ಜೈಲಿನಲ್ಲಿ ಇಪ್ಪತ್ತೇಳು ವರ್ಷ ಕಾವಲುಗಾರನಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಅವನು ಮನೆಯಿಂದ ಹೊರಡುವುದು ಎರಡೇ ಕಡೆಗೆ, ಭಾನುವಾರ ಚರ್ಚಿಗೆ ಮತ್ತು ಶನಿವಾರ ಈ ಮೇಜಿಗೆ.

ಮಾರ್ಚ್ ತಿಂಗಳ ಒಂದು ಶನಿವಾರ ಡ್ವೇನ್ ಆಡುತ್ತಿದ್ದ ಸಾಹಸಿ, ಒಬ್ಬ ಕತ್ತಿವೀರ, ಗವಿಯೊಂದರಲ್ಲಿ ಆರು ಗಾಬ್ಲಿನ್‌ಗಳನ್ನು ಕೊಂದ. ಒಳಕೋಣೆಯಲ್ಲಿ ಒಂದು ಮುದಿ ಗಾಬ್ಲಿನ್ ಹೆಂಗಸೂ ಅವಳ ಬೆನ್ನ ಹಿಂದೆ ನಾಲ್ಕು ಮರಿಗಳೂ ಇವೆ ಎಂದು ವೆಂಡೆಲ್ ಹೇಳಿದ.

"ಕತ್ತಿ ಎತ್ತಿದೆ" ಎಂದ ಡ್ವೇನ್.

"ಇರೋ ಮಾರಾಯ. ಮಕ್ಕಳು ಕಣೋ ಅವು" ಎಂದಳು ಮಾರ್ಲಿಸ್.

"ಮಕ್ಕಳಲ್ಲ, ಗಾಬ್ಲಿನ್. ಪುಸ್ತಕ ತೆಗೆದು ನೋಡು."

"ನಲವತ್ತು ಪೋಕರಿಗಳನ್ನ ದಿನಾ ಬಸ್ಸಲ್ಲಿ ಹೊತ್ಕೊಂಡು ಹೋಗ್ತೀನಿ. ಪುಸ್ತಕ ನೋಡಿ ಮಕ್ಕಳು ಹೆಂಗೆ ಅಂತ ತೀರ್ಮಾನ ಮಾಡಿದ್ರೆ ಒಂದು ಸ್ಟಾಪಲ್ಲೂ ನಿಲ್ಲಿಸ್ತಿರಲಿಲ್ಲ."

"ನಿನ್ನ ಪೋಕರಿಗಳಿಗೆ ಹಸಿರು ಚರ್ಮ ಇದೆಯಾ?"

"ಒಬ್ಬನಿಗೆ ಇತ್ತು. ಬಣ್ಣದ ಡಬ್ಬಿ ತಲೆ ಮೇಲೆ ಸುರ್ಕೊಂಡಿದ್ದ."

ವೆಂಡೆಲ್ ನಕ್ಕ. ಡ್ವೇನ್ ನಗಲಿಲ್ಲ. ತಟ್ಟೆಯಲ್ಲಿದ್ದ ಚೀಸ್ ತುಂಡುಗಳನ್ನು ಪಕ್ಕಕ್ಕೆ ಸರಿಸಿ ನಿಧಾನವಾಗಿ ಮಾತಾಡಿದ.

"ಇಪ್ಪತ್ತೇಳು ವರ್ಷ ದಿನಾ ಬೆಳಗ್ಗೆ ಅದೇ ಯೋಚನೆ ಮಾಡಿದೀನಿ. ಇವನು ಕೆಟ್ಟವನಾ, ಕೆಟ್ಟುಹೋದವನಾ, ಸುಮ್ನೆ ಸಿಕ್ಕಿಹಾಕ್ಕೊಂಡವನಾ. ಒಂದು ಸಲಾನೂ ಗೊತ್ತಾಗಲಿಲ್ಲ. ವಾರಕ್ಕೆ ನಾಲ್ಕು ಗಂಟೆ, ಯೋಚನೆ ಮಾಡದೆ ಕತ್ತಿ ಬೀಸೋಕೆ ಒಂದು ಜಾಗ ಇತ್ತು. ಇಲ್ಲೂ ಅದೇ ಶುರುವಾದ್ರೆ ನಾನು ಮನೇಲೇ ಕೂತ್ಕೋತೀನಿ. ಮುಂದಿನ ವಾರ ಹೇಳಿಬಿಡು ವೆಂಡೆಲ್, ಅವು ಕೆಟ್ಟವೋ ಅಲ್ವೋ. ನಿನ್ನ ಮಾತಿನ ಮೇಲೆ ನಾನು ಬರೋದು ಬಿಡೋದು."

ಅವನು ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದ.

"ಮನೇಲಿ ಒಬ್ಬನೇ ಕೂತ್ರೆ ಅವನು ಉಳಿಯಲ್ಲ" ಎಂದಳು ಮಾರ್ಲಿಸ್. ಅದು ವೆಂಡೆಲ್‌ಗೂ ಗೊತ್ತಿತ್ತು. ಕೆಟ್ಟವೇ ಎಂದುಬಿಟ್ಟರೆ ಮುಗಿಯಿತು, ಗೆಳೆಯ ಉಳಿಯುತ್ತಾನೆ. ಆದರೆ ಮಾರ್ಲಿಸ್ ಮಕ್ಕಳು ಎಂದ ಮೇಲೆ ಆ ನಾಲ್ಕು ಮರಿಗಳು ಅವನ ತಲೆಯಿಂದ ಇಳಿಯಲಿಲ್ಲ.

ಅವನಿಗೆ ಗೊತ್ತಿದ್ದ ದಾರಿ ಒಂದೇ, ದಾಖಲೆ ನೋಡುವುದು. ಕಾರ್ಖಾನೆಯ ಅಭ್ಯಾಸದಿಂದ ಪ್ರತಿ ಶನಿವಾರದ ಆಟವನ್ನೂ ಅವನು ಬರೆದಿಟ್ಟಿದ್ದ. ಭಾನುವಾರದಿಂದ ನಾಲ್ಕು ದಿನ ಬೆಳಗಿನ ಕಾಫಿಯೊಂದಿಗೆ ಕೂತು, ಸಾಹಸಿಗಳು ಗಾಬ್ಲಿನ್‌ಗಳಿಗೆ ಎದುರಾದ ಪ್ರತಿ ಸಂದರ್ಭಕ್ಕೂ ಒಂದು ಗೀಟು ಎಳೆದ. ಮೊದಲ ಆರು ವರ್ಷಗಳಲ್ಲಿ ನಲವತ್ತೊಂದು ಭೇಟಿ, ಜಗಳವಾದದ್ದು ಹನ್ನೆರಡರಲ್ಲಿ. ಉಳಿದವುಗಳಲ್ಲಿ ಗಾಬ್ಲಿನ್‌ಗಳು ದಾರಿ ಬಿಟ್ಟಿದ್ದವು, ಉಪ್ಪು ಕೇಳಿದ್ದವು, ಒಮ್ಮೆ ಸೇತುವೆ ಮುರಿದಿದೆ ಎಂದು ಎಚ್ಚರಿಸಿದ್ದವು. ೧೯೯೧ರಿಂದ ಈಚೆಗೆ ಇನ್ನೂರ ಹನ್ನೆರಡು ಭೇಟಿ. ಇನ್ನೂರ ಹನ್ನೆರಡೂ ಕಾಳಗ.

ಕಾರಣ ಸಿಗಲು ಮತ್ತೆರಡು ದಿನ ಹಿಡಿಯಿತು. ದುಷ್ಟ ಎಂದು ಬರೆದ ಅದೇ ಪುಸ್ತಕದ ಬೇರೊಂದು ಪುಟದಲ್ಲಿ ಇನ್ನೊಂದು ನಿಯಮವಿತ್ತು. ಯಾವ ಜೀವಿ ಎದುರಾದರೂ ಮೊದಲು ಎರಡು ದಾಳ ಎಸೆದು ಅದರ ಮನಸ್ಸು ಹೇಗಿದೆ ನೋಡಬೇಕು. ಒಟ್ಟು ಎರಡು ಬಿದ್ದರೆ ನೇರ ಮೇಲೆ ಬೀಳುತ್ತದೆ, ಐದರವರೆಗೆ ಗುರುಗುಟ್ಟುತ್ತದೆ, ಅದಕ್ಕಿಂತ ಹೆಚ್ಚಾದರೆ ಮಾತಿಗೆ ಅವಕಾಶವುಂಟು. ನೇರ ಮೇಲೆ ಬೀಳುವ ಸಂಭವ ಮೂವತ್ತಾರರಲ್ಲಿ ಒಂದು. ೧೯೯೧ರ ಚಳಿಗಾಲದಲ್ಲಿ, ಹಿಮ ಬೀಳುವ ಮುನ್ನ ಎಲ್ಲರಿಗೂ ಮನೆ ಸೇರುವ ಅವಸರವಿದ್ದಾಗ, ವೆಂಡೆಲ್ ಆ ದಾಳ ಎಸೆಯುವುದನ್ನು ಬಿಟ್ಟಿದ್ದ. ಆಮೇಲೆ ಮತ್ತೆ ಶುರುಮಾಡಲು ಮರೆತಿದ್ದ. ಗಾಬ್ಲಿನ್‌ಗಳು ಬದಲಾಗಿರಲಿಲ್ಲ. ಅವನೇ ಪರೀಕ್ಷೆ ಮಾಡದೆ ಫಲಿತಾಂಶ ಬರೆಯುತ್ತ ಬಂದಿದ್ದ.

ಶನಿವಾರ ಇಬ್ಬರೂ ಕೂತ ಮೇಲೆ ಅವನು ಇದಿಷ್ಟನ್ನೂ ಓದಿ ಹೇಳಿದ.

ಡ್ವೇನ್ ಟೋಪಿಯ ಅಂಚು ತಿರುಗಿಸಿದ. "ಅಂದ್ರೆ ನಾನು ಕಡಿದಿದ್ದರಲ್ಲಿ ಅರ್ಧಕ್ಕರ್ಧ ಉಪ್ಪು ಕೇಳೋಕೆ ಬಂದವಾ?"

"ಮುಕ್ಕಾಲು ಪಾಲಿನ ಹತ್ತಿರ" ಎಂದ ವೆಂಡೆಲ್. ಸುಳ್ಳು ಲೆಕ್ಕ ಅವನ ಬಾಯಲ್ಲಿ ಬರದು. "ತಪ್ಪು ನಂದು ಕಣೋ. ದಾಳ ಎಸೀಬೇಕಾದೋನು ನಾನು. ನೀನು ನಾನು ಹೇಳಿದ್ದನ್ನ ನಂಬಿದೆ."

"ಹೇಳಿದ್ದನ್ನ ನಂಬಿ ಮಾಡಿದೆ ಅಂತ ಜೈಲಲ್ಲೂ ಎಲ್ಲರೂ ಅದನ್ನೇ ಹೇಳೋದು" ಎಂದ ಡ್ವೇನ್. "ಕೆಟ್ಟವೋ ಅಲ್ವೋ ಅಂತ ಕೇಳಿದ್ದೆ. ನೀನು ಅದನ್ನ ಹೇಳಲೇ ಇಲ್ಲ."

"ನನಗೆ ಗೊತ್ತಿಲ್ಲ. ಈ ಮುದುಕಿ ಇವತ್ತು ಹೆಂಗಿದಾಳೆ ಅಂತ ಬೇಕಾದ್ರೆ ನೋಡಬಹುದು."

ಡ್ವೇನ್ ಎದ್ದ. ಹೊರಟೇಬಿಟ್ಟ ಎಂದುಕೊಂಡ ವೆಂಡೆಲ್. ಆದರೆ ಡ್ವೇನ್ ಮೇಜಿನ ಮೇಲೆ ಬಾಗಿ ಎರಡು ದಾಳ ತೆಗೆದುಕೊಂಡು ತಾನೇ ಎಸೆದ. ಮೂರು, ಒಂದು.

"ನಾಲ್ಕು" ಎಂದ ವೆಂಡೆಲ್. "ಹಲ್ಲು ಕಿರೀತಿದಾಳೆ. ಕೈಯಲ್ಲಿ ಚಾಕು. ಮರಿಗಳನ್ನ ಗೋಡೆಗೆ ಒತ್ತಿಕೊಂಡಿದಾಳೆ."

"ಸರಿ. ನೀನು ಗೆದ್ದೆ" ಎಂದಳು ಮಾರ್ಲಿಸ್, ಡ್ವೇನನ ಮುಖ ನೋಡದೆ.

ಡ್ವೇನ್ ಮತ್ತೆ ಕುರ್ಚಿ ಎಳೆದುಕೊಂಡ. "ಏನು ಗೆದ್ದೆ? ಜೈಲಿಗೆ ಬಂದ ಮೊದಲನೇ ದಿನ ಎಲ್ಲರೂ ನಾಲ್ಕೇ. ನಾಲ್ಕು ಬಿದ್ದೋನ ಹತ್ತಿರ ಮಾತಾಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು." ಅವನು ಕತ್ತಿವೀರನ ಪುಟ್ಟ ಸೀಸದ ಗೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು ನಕ್ಷೆಯ ಮೇಲೆ ಎರಡು ಚೌಕ ಹಿಂದಕ್ಕಿಟ್ಟ. "ಕತ್ತಿ ಕೆಳಗಿಟ್ಟೆ. ಚೀಲದಲ್ಲಿರೋ ರೊಟ್ಟಿ ನೆಲದ ಮೇಲಿಟ್ಟೆ. ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತೆ. ಅವಳಿಗೆ ಬಾಗಿಲು ಕಾಣಬೇಕು, ಅದು ಮುಖ್ಯ. ಅವಳೇನು ಮಾಡ್ತಾಳೆ?"

ವೆಂಡೆಲ್‌ನ ಟಿಪ್ಪಣಿಯಲ್ಲಿ ಆ ಮುದುಕಿಗೆ ಎರಡು ಏಟಿಗೆ ಸಾಯುವಷ್ಟು ಜೀವ ಎಂದು ಬರೆದಿದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ರೊಟ್ಟಿ ಎತ್ಕೊಂಡ್ಲು. ತಿನ್ನಲಿಲ್ಲ. ಬಟ್ಟೆಯೊಳಗೆ ಬಚ್ಚಿಟ್ಕೊಂಡ್ಲು."

"ಹೂಂ" ಎಂದ ಡ್ವೇನ್. "ಜೈಲಿಗೆ ಬಂದ ಹೊಸಬರೂ ಹಂಗೇ ಮಾಡ್ತಾರೆ." ದಾಳಗಳನ್ನು ವೆಂಡೆಲ್ ಕಡೆಗೆ ಸರಿಸಿದ. "ಅವಳು ಕೆಟ್ಟವಳೇ ಇರಬಹುದು, ನಾನೇನೂ ಒಪ್ಪಿಲ್ಲ. ಮುಂದಿನ ವಾರ ಇನ್ನೊಂದು ರೊಟ್ಟಿ ಇಟ್ಟು ನೋಡೋಣ."