ಸೂಟ್‌ಕೇಸು ಆರಿಸಿಕೊಡುತ್ತಿದ್ದ ಎದುರು ಮನೆಯಾಕೆ

ಮೊನ್ನೆ ಪ್ಯಾರಮಟ್ಟಾದ ಅಂಗಡಿಯೊಂದರಲ್ಲಿ ಹೊಸ ಸೂಟ್‌ಕೇಸು ತೆರೆದೆ. ರಬ್ಬರು, ಪ್ಲಾಸ್ಟಿಕ್ಕು, ಅಂಟು ಎಲ್ಲ ಬೆರೆತ ಹೊಸ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ನನ್ನ ಕೈ ತಾನಾಗಿ ಅದನ್ನು ಮುಚ್ಚಿ, ಬ್ಯಾಗಿನಿಂದ ಬಾಲ್‌ಪೆನ್ನು ತೆಗೆದು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿತು. ಅಂಗಡಿಯಾಕೆ ಗಾಬರಿಯಿಂದ ನೋಡಿದಳು. ನಾನೇನು ಮಾಡಲಿ, ಈ ಬುದ್ಧಿ ನನ್ನದಲ್ಲ. ಪೆಂಡಲ್ ಹಿಲ್‌ನ ನಮ್ಮ ಹಳೆಯ ಫ್ಲ್ಯಾಟಿನ ಎದುರು ಮನೆಯಾಕೆಯದು. ಎಷ್ಟೋ ವರ್ಷ ನನ್ನ ಹೊಟ್ಟೆ ಉರಿಸಿದವಳು...

ಅವಳು ಸಾಫ್ಟ್‌ವೇರ್ ಟೆಸ್ಟರ್. ಆಫೀಸಿನಲ್ಲಿ ಇಡೀ ದಿನ ತಪ್ಪು ಹುಡುಕಿದ್ದು ಸಾಲದು ಎಂಬಂತೆ ಶನಿವಾರ ಬಂದರೆ ಸೂಟ್‌ಕೇಸುಗಳಲ್ಲಿ ಹುಡುಕುತ್ತಿದ್ದಳು. ಈ ಪರದೇಶದಲ್ಲಿರುವ ನಮ್ಮ ಕನ್ನಡದವರಲ್ಲಿ ಯಾರೇ ಊರಿಗೆ ಹೊರಡಲಿ, ಟಿಕೆಟ್ ಬುಕ್ ಮಾಡಿದ ಮೇಲೆ ಮೊದಲ ಕೆಲಸ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗುವುದು. ಅವಳು ಹಿಡಿಕೆಯನ್ನು ಪೂರ್ತಿ ಎಳೆದು ಅಲ್ಲಾಡಿಸುತ್ತಿದ್ದಳು. ಮೈಯನ್ನು ಹೆಬ್ಬೆರಳಿನಿಂದ ಅದುಮಿ, ತಗ್ಗು ತಾನಾಗಿ ಮೇಲೇಳುತ್ತದೆಯೇ ನೋಡುತ್ತಿದ್ದಳು. ಬೋರಲು ಹಾಕಿ ಚಕ್ರಕ್ಕೆ ಸ್ಕ್ರೂ ಇದೆಯೇ ಎಂದು ಹುಡುಕುತ್ತಿದ್ದಳು. ಸ್ಕ್ರೂ ಇದ್ದರೆ ಮುರಿದ ಚಕ್ರ ಬದಲಿಸಬಹುದು. ಕೊನೆಗೆ ಜಿಪ್ಪಿಗೆ ಪೆನ್ನು. ಪೆನ್ನು ಒಳಗೆ ಹೋದರೆ ಬೀಗ ಮುಟ್ಟದೆಯೇ ಕಳ್ಳರೂ ತೆರೆಯಬಹುದು; ಅಲ್ಲಿಗೆ ಆ ಸೂಟ್‌ಕೇಸಿನ ಕಥೆ ಮುಗಿಯಿತು.

"ಹೊಳಪು ನೋಡಿ ಮರುಳಾಗ್ಬೇಡಿ ರೀ. ಏರ್‌ಲೈನಿನವ್ರು ಪೆಟ್ಟಿಗೇನೂ ಸೇರಿಸೇ ತೂಗೋದು. ಖಾಲಿ ಇದ್ದಾಗ್ಲೇ ಇಷ್ಟು ಭಾರ ಇದ್ರೆ ಸಾಮಾನು ತಲೆ ಮೇಲೆ ಹೊತ್ಕೊಂಡ್ ಹೋಗ್ತೀರಾ?" ಎನ್ನುತ್ತಿದ್ದಳು.

ಅಬ್ಬಾ, ಆ ಧಿಮಾಕು! ಒಮ್ಮೆ ನಾನು ಅವಳನ್ನು ಕೇಳದೆ, ಸೇಲಿನಲ್ಲಿ ಅಗ್ಗವಾಗಿ ಸಿಕ್ಕಿತೆಂದು ಮಿರಿಮಿರಿ ಮಿಂಚುವ ಕೆಂಪು ಸೂಟ್‌ಕೇಸು ತಂದೆ. ನಮ್ಮನೆಯವರು ಅದನ್ನು ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಒಯ್ದರು. ಮೊದಲ ಪ್ರಯಾಣಕ್ಕೇ ಚಕ್ರ ಕಿತ್ತುಹೋಗಿ, ಪೆಂಡಲ್ ಹಿಲ್ ಸ್ಟೇಷನ್ನಿನಿಂದ ಕುಂಟಿಸುತ್ತಾ ತಂದರು. "ಅವ್ರನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದರು. ಆವತ್ತು ಸಾರಿಗೆ ಉಪ್ಪು ಜಾಸ್ತಿಯೇ ಬಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದೆ ಹೋದದ್ದು ಅಮ್ಮನ ವಿಷಯ.

ನಮ್ಮವರಲ್ಲಿ ಒಂದು ರೂಢಿ. ಊರಿಗೆ ಹೊರಟವರ ಮನೆಗೆ ಎಲ್ಲರೂ ಒಂದೊಂದು ಗಂಟು ಹಿಡಿದು ಹೋಗುತ್ತೇವೆ, "ಸ್ವಲ್ಪ ಜಾಗ ಇರುತ್ತಾ?" ಎಂದು. ಅವಳ ಅತ್ತೆ ಮನೆ ಮೈಸೂರು, ನನ್ನ ತವರೂ ಮೈಸೂರು. ಅವಳು ಪ್ರತಿ ಡಿಸೆಂಬರ್ ಹೋಗುತ್ತಿದ್ದಳು. ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ನಮ್ಮ ಪಿಆರ್ ಅರ್ಜಿ ಕೂತಲ್ಲೇ ಕೂತಿತ್ತು; ಅದು ಬರುವ ತನಕ ದೇಶ ಬಿಟ್ಟು ಕದಲುವುದು ಬೇಡ ಎಂದು ನಮ್ಮನೆಯವರ ಹಟ. ಹಾಗಾಗಿ ಅಮ್ಮನಿಗೆಂದು ನಾನು ಕೊಟ್ಟ ಬಾದಾಮಿ, ಮಂಡಿನೋವಿನ ಮುಲಾಮು, ಸ್ವೆಟರುಗಳನ್ನು ಅವಳೇ ಒಯ್ದು ಕೊಡುತ್ತಿದ್ದಳು. ಕೊಟ್ಟು ಸುಮ್ಮನೆ ಬರಬೇಕೋ ಬೇಡವೋ? ಇಡೀ ಮಧ್ಯಾಹ್ನ ಅಲ್ಲೇ ಕೂತು, ಉಂಡು, ಅಮ್ಮನ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬರುತ್ತಿದ್ದಳು!

"ಎಂಥಾ ಹುಡುಗಿ ಕಣೇ! ಬಾಯ್ತುಂಬ ಅಮ್ಮಾ ಅಂತಾಳೆ" ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಒಂದು ವರ್ಷ ಅವಳು ಹಿಂದಿರುಗಿದವಳು ಗಿಣಿಹಸಿರು ರೇಷ್ಮೆ ಸೀರೆಯುಟ್ಟು ಯುಗಾದಿ ಕಾರ್ಯಕ್ರಮಕ್ಕೆ ಬಂದಳು. ಅಮ್ಮನ ಸೀರೆ. ನನ್ನ ಮದುವೆಗೂ ಮುಂಚಿನಿಂದ ನಾನು ಕಣ್ಣಿಟ್ಟಿದ್ದ ಸೀರೆ. ಮನೆಗೆ ಬಂದವಳೇ ಫೋನ್ ಮಾಡಿ ಜಗಳ ತೆಗೆದೆ.

"ಮನೆಗೆ ಬಂದ ಹೆಣ್ಣುಮಗಳನ್ನ ಬರಿಗೈಲಿ ಕಳಿಸಕ್ಕಾಗುತ್ತಾ? ನೀನೂ ಬಾ, ನಿಂಗೂ ಕೊಡ್ತೀನಿ" ಎಂದಳು ಅಮ್ಮ.

ಬಾ ಎಂದರೆ ಬರುವ ಹಾಗಿದ್ದರೆ...

ಆಮೇಲೆ ಅವಳ ಗಂಡನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಪಾಯಿಂಟ್ ಕುಕ್ ಬಡಾವಣೆಗೆ ಹೊರಟುಹೋದರು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿಯ ತೊಲಗುವುದು! ನವೆಂಬರ್ ಬರುತ್ತಿದ್ದಂತೆ ಅವಳದೇ ಫೋನು: "ಹೊರಟಿದೀನಿ ಕಣ್ರೀ, ಅಮ್ಮಂಗೆ ಏನ್ ಕಳಿಸ್ತೀರಾ?" ಒಂದು ಸಲ ನಮ್ಮನೆಯವರ ಜೊತೆ ಮೆಲ್ಬರ್ನಿಗೆ ಹೋದವಳು ಗಂಟನ್ನು ನಾನೇ ಒಯ್ದೆ. ನಮ್ಮ ಫ್ಲ್ಯಾಟಿನಂಥ ಎರಡು ಹಿಡಿಸುವಷ್ಟು ದೊಡ್ಡ ಮನೆ. ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಮಲಗಿತ್ತು. ಒಂದು ಬದಿ ತುಂಬಿತ್ತು, ಇನ್ನೊಂದು ಬದಿ ಪೂರ್ತಿ ಖಾಲಿ.

"ಅದು ಅಮ್ಮನ ಕಡೆ, ಅಲ್ಲಿಡಿ" ಎಂದಳು.

"ನಿಮ್ಮಮ್ಮಂಗಾ?"

"ನಮ್ಮಮ್ಮ ಎಲ್ಲಿದಾರೆ ರೀ? ನಾನು ಪಿಯುಸಿಲಿದ್ದಾಗ್ಲೇ ಹೋದ್ರು. ನಿಮ್ಮಮ್ಮನ ಕಡೆ ಅದು."

ಅಯ್ಯೋ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ಹೊಟ್ಟೆಕಿಚ್ಚು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅಮ್ಮನಿಲ್ಲದವಳಿಗೆ ನನ್ನ ಅಮ್ಮನೇ ಆಗಬೇಕಿತ್ತೇ? ಮೈಸೂರಲ್ಲಿ ಬೇರೆ ಯಾರೂ ಸಿಗಲಿಲ್ಲವೇ?

ಹೋದ ವರ್ಷ ಅವಳು ತೀರಿಕೊಂಡಳು. ಕ್ಯಾನ್ಸರ್ ಅಂತೆ. ಆ ನವೆಂಬರ್ ಫೋನು ಬರಲಿಲ್ಲ. ಬಾರದ ಫೋನಿಗಾಗಿ ನಾನು ಇಷ್ಟು ಕಾಯುತ್ತೇನೆಂದು ನನಗೇ ಗೊತ್ತಿರಲಿಲ್ಲ... ಅಷ್ಟರಲ್ಲಿ ಅಮ್ಮನಿಗೂ ಮರೆವು ಶುರುವಾಗಿತ್ತು. ಅವಳು ಹೋದ ಸುದ್ದಿಯನ್ನು ಅಣ್ಣ ಹೇಳಿದಾಗ ಅಮ್ಮ ಇಡೀ ದಿನ ಅತ್ತಳಂತೆ. ಮಾರನೆಯ ದಿನ ಎಲ್ಲ ಮರೆತು ಹೋಗಿತ್ತಂತೆ.

ಈಗ ನಮ್ಮ ಪಿಆರ್ ಬಂದಿದೆ, ಟಿಕೆಟ್ಟೂ ಆಗಿದೆ. ಅದಕ್ಕೇ ಮೊನ್ನೆ ಆ ಅಂಗಡಿಗೆ ಹೋಗಿದ್ದು. ಪೆನ್ನು ಒಳಗೆ ಹೋಗದ ಸೂಟ್‌ಕೇಸು ಕೊನೆಗೂ ಸಿಕ್ಕಿತು. ಖುಷಿಗೆ ಅಲ್ಲಿಂದಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅತ್ತಿಗೆ ಫೋನ್ ಹಿಡಿದುಕೊಂಡಿದ್ದರು. ಅಮ್ಮ ಸೂಟ್‌ಕೇಸು ನೋಡಿದಳು, ನನ್ನನ್ನು ನೋಡಿದಳು, ಮುಖವೆಲ್ಲ ಅರಳಿತು.

"ಹೊರಟ್ಯಾ ತಾಯಿ? ನೀನು ಬರ್ಲೇ ಇಲ್ವಲ್ಲ ಅಂತಿದ್ದೆ. ಅಲ್ಲಿ ನನ್ನ ಮಗಳು ಹೇಗಿದಾಳೆ?"

ಅತ್ತಿಗೆ, "ಅತ್ತೆ, ಅವ್ರೇ ನಿಮ್ಮ..." ಎಂದು ಶುರು ಮಾಡಿದರು. ಬೇಡ ಎಂದು ಕೈಸನ್ನೆ ಮಾಡಿದೆ.

"ಚೆನ್ನಾಗಿದಾಳಮ್ಮ" ಎಂದೆ.

"ಊಟ ಸರಿಯಾಗಿ ಮಾಡ್ತಾಳಾ? ಹೋದ್ ಸಲಾನೂ ಕೇಳ್ದೆ, ಅದಕ್ಕೆ ಮುಂಚೇನೂ ಕೇಳ್ದೆ, ಚೆನ್ನಾಗಿದಾಳೆ ಅಂತಾನೇ ಅಂತೀಯ."

ಅಂದರೆ ಅಷ್ಟೂ ವರ್ಷ, ತಲೆಗೆ ಎಣ್ಣೆ ಹಚ್ಚುತ್ತಾ ಅಮ್ಮ ಅವಳನ್ನು ಕೇಳುತ್ತಿದ್ದದ್ದು ಇದನ್ನೇ. ಅವಳು ನನಗೆ ಒಂದು ದಿನವೂ ಹೇಳಿರಲಿಲ್ಲ. ಯಾಕೆಂದು ಕೇಳೋಣವೆಂದರೆ ಈಗ ಅವಳಿಲ್ಲ.

ಅಮ್ಮ ಫೋನಿನ ಹತ್ತಿರ ಬಗ್ಗಿ, ಗುಟ್ಟು ಹೇಳುವ ದನಿಯಲ್ಲಿ ಅಂದಳು: "ಈ ಸಲ ಬಾದಾಮಿ ಗೀದಾಮಿ ಏನೂ ತರ್ಬೇಡ. ಹೇಗಾದ್ರೂ ಮಾಡಿ ಅವಳನ್ನೇ ಕರ್ಕೊಂಡ್ ಬಂದ್ಬಿಡು."

"ಆಯ್ತಮ್ಮ, ಕರ್ಕೊಂಡ್ ಬರ್ತೀನಿ" ಎಂದೆ.