ಬರುವ ಸೀಸನ್ನಿನ ಶುಕ್ರವಾರಗಳು

ಶುಕ್ರವಾರ, ಏಪ್ರಿಲ್ ತಿಂಗಳ ಕೊನೆಯ ವಾರ. ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ, ಗಲ್ಫಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗ ಮಾರುವ ನಮ್ಮ ಅಂಗಡಿಯ ಹಿಂದಿನ ಗೋಡೌನು. ಹಾಜರಿದ್ದವರು ಮೂವರು: ಅಂಗಡಿಯ ಯಜಮಾನರಾದ ಹಾಜಿಯವರು, ನಮ್ಮ ವಾಲಿಬಾಲ್ ತಂಡದ ಕ್ಯಾಪ್ಟನ್, ಮತ್ತು ನಾನು. ಕೆಲಸ ಒಂದೇ. ಬೇಸಿಗೆ ಕಳೆದ ಮೇಲೆ ಶುರುವಾಗುವ ಸೀಸನ್ನಿಗೆ ಯಾರು ಯಾರು ಆಡುತ್ತಾರೆ, ಯಾರಿಗೆ ಏನು ಕೊಡಬೇಕು ಎಂಬುದನ್ನು ಬರೆದು ಮುಗಿಸುವುದು.

ಹಿಂದಿನ ಸಂಜೆ ಧೂಳು ಬೀಸಿತ್ತು. ಗಾಳಿ ನಿಂತಿದ್ದರೂ ಧೂಳು ನೆಲಕ್ಕೆ ಇಳಿದಿರಲಿಲ್ಲ. ಮೇಲಿನ ಕಿಂಡಿಯಿಂದ ಬರುವ ಬಿಸಿಲು ಹಾಲು ಕಡಿಮೆಯಾದ ಚಹಾದ ಬಣ್ಣದಲ್ಲಿತ್ತು. ಸಾಲಾಗಿ ಪೇರಿಸಿದ ಟಯರುಗಳು, ಗೋಡೆಗೆ ಒರಗಿದ ಬಂಪರುಗಳು, ಮೊಳೆಗೆ ತೂಗುಹಾಕಿದ ನಮ್ಮ ಹಳೆಯ ನೆಟ್ಟು, ಎಲ್ಲವೂ ನೀರಿನ ಅಡಿಯಲ್ಲಿ ಇದ್ದಂತೆ ಕಾಣುತ್ತಿದ್ದವು. ನಾನು ಮೊದಲು ಮೇಜು ಒರೆಸಿದೆ. ಆಮೇಲೆ ಪೆನ್ನು, ಸ್ಕೇಲು, ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟೆ.

ನಾನು ಮೀನಾ ಅಲ್ ಅಹ್ಮದಿ ರಿಫೈನರಿಯ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಟೈಂಕೀಪರ್ ಆಗಿದ್ದವನು. ಯಾರು ಎಷ್ಟು ಹೊತ್ತಿಗೆ ಗೇಟು ದಾಟಿದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆಯುವುದರಲ್ಲೇ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಈಗ ಹಾಜಿಯವರ ಅಂಗಡಿಯ ಲೆಕ್ಕ ನೋಡುತ್ತೇನೆ. ಶುಕ್ರವಾರ ನನ್ನ ರಜೆ, ಆ ರಜೆ ಪೂರ್ತಿ ತಂಡಕ್ಕೆ. ತಂಡದ ಮ್ಯಾನೇಜರ್ ನಾನೇ. ಯಾವ ಶಾಲೆಯಲ್ಲೂ ನಾನು ಕಲಿಸಿಲ್ಲ. ಆದರೂ ಕೊರಳಲ್ಲಿ ಸಿಳ್ಳೆ ಇರುವ ಕಾರಣಕ್ಕೆ ಎಲ್ಲರಿಗೂ ನಾನು ಮಾಸ್ಟ್ರು.

ನಮ್ಮ ತಂಡದ ಪಟ್ಟಿ ಮಾಡುವ ಕ್ರಮ ಬೇರೆ ತಂಡದವರಿಗೆ ನಗೆ ತರಿಸುತ್ತದೆ. ಯಾರು ಎಷ್ಟು ಎತ್ತರ ಹಾರುತ್ತಾನೆ ಎಂದು ನಾವು ಮೊದಲು ನೋಡುವುದಿಲ್ಲ. ಎಲ್ಲರ ಡ್ಯೂಟಿ ಚಾರ್ಟ್ ತರಿಸಿ ಮೇಜಿನ ಮೇಲೆ ಹರಡುತ್ತೇವೆ. ಪಂದ್ಯಗಳೆಲ್ಲ ಶುಕ್ರವಾರ ಸಂಜೆ. ಹೋಟೆಲಿನವನಿಗೆ ಶುಕ್ರವಾರವೇ ರಶ್, ಸೆಕ್ಯುರಿಟಿಯವನಿಗೆ ಶಿಫ್ಟು ತಿರುಗುತ್ತದೆ, ರಿಫೈನರಿಯವನಿಗೆ ಯಾವಾಗ ಓವರ್‌ಟೈಂ ಬರುತ್ತದೋ ಹೇಳಲಾಗದು. ಹಾಗಾಗಿ ಮೊದಲು ಶುಕ್ರವಾರ, ಆಮೇಲೆ ಆಟ. ಸಂಬಳವೂ ಹಾಗೆಯೇ. ಆಡಿದ್ದಕ್ಕೆ ಯಾರಿಗೂ ಏನೂ ಇಲ್ಲ. ಆಟಕ್ಕಾಗಿ ಓವರ್‌ಟೈಂ ಬಿಟ್ಟು ಬಂದವನಿಗೆ ಆ ಓವರ್‌ಟೈಮಿನಷ್ಟನ್ನು ಹಾಜಿಯವರು ತುಂಬಿಕೊಡುತ್ತಾರೆ.

ಆ ಬೆಳಗ್ಗೆ ಎಲ್ಲರೂ ನೆನೆಯುತ್ತಿದ್ದದ್ದು ಲಿಫ್ಟರನನ್ನು. ಸ್ಮ್ಯಾಷ್ ಹೊಡೆಯುವವರಿಗೆ ಚೆಂಡನ್ನು ಎತ್ತಿ ಕೊಡುವವನು ಅವನು. ಮೂಡುಬಿದಿರೆ ಕಡೆಯವನು. ರಿಫೈನರಿಯಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟುತ್ತಿದ್ದ. ವಾರವಿಡೀ ಎತ್ತರದಲ್ಲಿ ನಿಂತು ಕೆಳಗಿನಿಂದ ಬರುವ ಪೈಪು ಹಿಡಿಯುವವನು, ಶುಕ್ರವಾರ ಕೆಳಗೆ ನಿಂತು ಚೆಂಡನ್ನು ಎತ್ತರಕ್ಕೆ ಕಳಿಸುತ್ತಿದ್ದ. ಅವನ ಕಂಪೆನಿಯ ಕಂಟ್ರಾಕ್ಟ್ ಮುಗಿದಿತ್ತು. ಮುಂದಿನ ತಿಂಗಳು ಅವನ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಗಿ, ಮುಗಿಯುವುದರೊಳಗೆ ಬೇರೆ ಕೆಲಸ ಸಿಗದಿದ್ದರೆ ಊರಿಗೆ ಹೋಗಬೇಕು. ಊರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಅರ್ಧಕ್ಕೆ ನಿಂತ ಮನೆ.

ಅದೇ ಹೊತ್ತಿಗೆ ನಮ್ಮ ಅಂಗಡಿಯ ಸ್ಟೋರ್‌ಕೀಪರ್ ಕೆಲಸ ಬಿಟ್ಟು ಊರಿಗೆ ಹೋಗಿದ್ದ.

"ನನ್ನ ಅಂಗಡಿಗೂ ಒಬ್ಬ ಬೇಕು, ಟೀಮಿಗೂ ಒಬ್ಬ ಬೇಕು," ಎಂದರು ಹಾಜಿಯವರು. "ಒಂದೇ ಇಕಾಮಾದಲ್ಲಿ ಎರಡೂ ಆಗ್ಲಿ. ಬರೀರಿ ಮಾಸ್ಟ್ರೇ, ಅವನ ಹೆಸರು ಮೇಲೆ ಬರೀರಿ."

"ಡ್ಯೂಟಿ ಚಾರ್ಟ್?" ಎಂದೆ.

ಕ್ಯಾಪ್ಟನ್ ನಕ್ಕ. ಸಾಲ್ಮಿಯಾದ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್ ಅವನು. ಬಾಯಿಗೆ ಬೀಗವಿಲ್ಲ. "ಕೆಲಸವೇ ಇಲ್ಲದವನಿಗೆ ಎಂತ ಚಾರ್ಟ್ ಅಣ್ಣ? ಅವನಿಗೆ ವಾರದಲ್ಲಿ ಏಳೂ ಶುಕ್ರವಾರವೇ!"

ಹಾಜಿಯವರು ಹೊಟ್ಟೆ ಕುಣಿಸಿ ನಕ್ಕರು. ನಾನು ಹೆಸರು ಬರೆದೆ. ಕ್ಯಾಪ್ಟನ್ ಕೂಡಲೇ ಹೊರಗೆ ಹೋಗಿ ಅವನಿಗೆ ಫೋನ್ ಮಾಡಿ ಬಂದ. "ಅಳ್ತಾನಾ ನಗ್ತಾನಾ ಗೊತ್ತಾಗ್ಲಿಲ್ಲ. ಊಟ ಅವನೇ ತರ್ತಾನಂತೆ," ಎಂದ.

ಉಳಿದ ಹೆಸರುಗಳು ಬೇಗ ಮುಗಿದವು. ಹೊಸದಾಗಿ ಬಂದ ಉದ್ದ ಹುಡುಗನೊಬ್ಬನನ್ನು ಸೇರಿಸಿದೆವು, ಭುಜ ನೋವಿನವನೊಬ್ಬನಿಗೆ ವಿಶ್ರಾಂತಿ ಬರೆದೆವು. ಕಡೆಗೆ ನಾನು ಎಂದಿನಂತೆ ಸ್ಕೇಲಿಟ್ಟು ಗೆರೆ ಎಳೆದು, ಪ್ರತಿ ಹೆಸರಿನ ಮುಂದೆ ಅವರವರ ಕೆಲಸದ ಹೊತ್ತು ತುಂಬಿಸುತ್ತ ಬಂದೆ. ಲಿಫ್ಟರನ ಮುಂದೆ ಈಗ ನಮ್ಮ ಅಂಗಡಿಯ ಹೊತ್ತು ಬರೆಯಬೇಕಿತ್ತು. ಬರೆದೆ. ಬರೆದದ್ದನ್ನು ನೋಡಿದೆ. ಪೆನ್ನು ಕೆಳಗಿಟ್ಟೆ.

"ಹಾಜಿಯವರೇ, ಶುಕ್ರವಾರ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಿ?"

"ನಿಮಗೆ ಗೊತ್ತಿಲ್ವಾ? ನಾಲ್ಕಕ್ಕೆ."

"ಮ್ಯಾಚು?"

ಹಾಜಿಯವರು ಹಾಳೆಯನ್ನು ತಮ್ಮತ್ತ ತಿರುಗಿಸಿ ನೋಡಿದರು. ಮ್ಯಾಚೂ ಅದೇ ಹೊತ್ತಿಗೆ. ಊರವರೆಲ್ಲರ ಚಾರ್ಟ್ ಕೇಳಿ ತರಿಸಿದ ನಾವು ನಮ್ಮ ಅಂಗಡಿಯ ಚಾರ್ಟನ್ನು ಮಾತ್ರ ನೋಡಿರಲಿಲ್ಲ. ಅದು ನಮ್ಮದೇ ಅಲ್ಲವೇ ಎಂಬ ಧೈರ್ಯ. ಶುಕ್ರವಾರ ಸಂಜೆ ಅಂಗಡಿ ಮುಚ್ಚುವಂತಿಲ್ಲ. ವಾರವಿಡೀ ದುಡಿದವರು ಆ ಸಂಜೆಯೇ ತಮ್ಮ ಕಾರಿನ ಬಾನೆಟ್ ಎತ್ತುವುದು. ಸ್ಟೋರ್‌ಕೀಪರ್ ಕೌಂಟರಿನಲ್ಲಿ ಇರಲೇಬೇಕು.

"ಅವನು ಆಟ ಬಿಡ್ಲಿ," ಎಂದ ಕ್ಯಾಪ್ಟನ್. ಅವನ ದನಿ ಇಳಿದಿತ್ತು. "ಅಂಗಡಿಯಲ್ಲಿ ನಿಲ್ಲಲಿ."

"ಅದು ಹೇಗೆ ಮೋನೇ?" ಎಂದರು ಹಾಜಿಯವರು. "ಆಡುವವ ಅಂತ ನಾನು ತೆಗೊಂಡದ್ದು. ಬರೀ ಸ್ಟೋರ್‌ಕೀಪರ್ ಬೇಕಾದ್ರೆ ನನ್ನ ಭಾವನ ಮಗ ಉಂಟಲ್ಲ. ದುಬೈಯಲ್ಲಿ ಸ್ಟೋರಿನಲ್ಲೇ ಇದ್ದವ. ಅವನನ್ನು ಬಿಟ್ಟು ಪೈಪು ಕಟ್ಟುವವನನ್ನು ಕೂರಿಸಿದೆ ಅಂದ್ರೆ ಮನೆಯಲ್ಲಿ ನನಗೆ ಅನ್ನ ಸಿಗ್ಲಿಕ್ಕುಂಟಾ?"

ಮಾತು ಸರಿಯೇ ಇತ್ತು. ಕ್ಯಾಪ್ಟನ್ ತನ್ನ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ. ಅಷ್ಟರಲ್ಲಿ ಜುಮಾ ನಮಾಜಿಗೆ ಕರೆ ಕೇಳಿಸಿತು. "ಬಂದು ನೋಡುವ," ಎಂದು ಹಾಜಿಯವರು ಎದ್ದು ಹೋದರು. ಕ್ಯಾಪ್ಟನ್ ಸಿಗರೇಟಿಗೆಂದು ಹೊರಗೆ ನಡೆದ.

ನಾನು ಹಗಲು ಮಲಗುವವನಲ್ಲ. ಆದರೆ ಆ ಬೆಳಕು ಮಲಗಿಸುವಂತಿತ್ತು. ಟಯರುಗಳಿಗೆ ಬೆನ್ನು ಕೊಟ್ಟು ಕುಳಿತವನ ರೆಪ್ಪೆಗಳು ಯಾವಾಗ ಕೂಡಿದವೋ ತಿಳಿಯದು. ಗೋಡೌನು ಉದ್ದವಾಗುತ್ತ ಹೋಯಿತು. ಮೊಳೆಯಲ್ಲಿದ್ದ ನೆಟ್ಟು ತಾನಾಗಿ ಬಿಚ್ಚಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಹರಡಿತು. ತಂಡದಲ್ಲಿ ಆಡಿ ಊರಿಗೆ ಮರಳಿದವರು ಒಬ್ಬೊಬ್ಬರಾಗಿ ಟಯರುಗಳ ನಡುವಿನಿಂದ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಯಾರ ಕಾಲೂ ಸದ್ದು ಮಾಡಲಿಲ್ಲ. ಲಿಫ್ಟರ್ ಮೊಣಕಾಲು ಬಗ್ಗಿಸಿ, ಹತ್ತೂ ಬೆರಳು ಅಗಲಿಸಿ ಚೆಂಡನ್ನು ಎತ್ತಿದ. ಅದು ಏರಿತು, ಕಿಂಡಿಯ ಬೆಳಕಿನಲ್ಲಿ ನಿಂತಿತು.

ಎಚ್ಚರದಲ್ಲೂ ಅದು ಹಾಗೆಯೇ. ಅವನು ಎತ್ತಿದ ಚೆಂಡು ನೆಟ್ಟಿನ ಮೇಲೆ ಒಂದು ಗಳಿಗೆ ನಿಂತು ನೋಡುತ್ತದೆ. ಗೇಟಿನಲ್ಲಿ ಕುಳಿತು ಜನರ ನಿಮಿಷಗಳನ್ನೆಲ್ಲ ಬರೆದ ನನಗೆ ಆ ಗಳಿಗೆಯನ್ನು ಯಾವ ಅಂಕಣದಲ್ಲಿ ಹಾಕಬೇಕೆಂದು ಗೊತ್ತಾಗಿಲ್ಲ. ಅದನ್ನು ನೋಡಲೆಂದೇ ನಾನು ಶುಕ್ರವಾರ ಮೈದಾನಕ್ಕೆ ಹೋಗುತ್ತಿದ್ದೆ.

ಕನಸಿನಲ್ಲಿ ಚೆಂಡು ಇಳಿಯಲೇ ಇಲ್ಲ. ಬಿರಿಯಾನಿಯ ವಾಸನೆಗೆ ಕಣ್ಣು ಬಿಟ್ಟೆ.

ಲಿಫ್ಟರ್ ನಿಂತಿದ್ದ. ಎರಡೂ ಕೈಯಲ್ಲಿ ಪಾರ್ಸೆಲು, ಇಸ್ತ್ರಿ ಮಾಡಿದ ಅಂಗಿ. "ಅಣ್ಣ ನಿದ್ದೆ ಮಾಡುದಾ! ಇದನ್ನು ಫೋಟೋ ತೆಗೀಬೇಕಿತ್ತು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಮನೆಗೆ ಹೇಳಿಬಿಟ್ಟೆ ಅಣ್ಣ. ಅವಳು ದೇವರಿಗೆ ದೀಪ ಇಟ್ಟಳಂತೆ, ಈ ಮಧ್ಯಾಹ್ನದ ಹೊತ್ತಿನಲ್ಲಿ," ಎಂದು ನಕ್ಕ.

ಅವನ ಹಿಂದೆ ಬಂದ ಕ್ಯಾಪ್ಟನ್ ನನ್ನ ಮುಖ ನೋಡಿದ. ಮುಚ್ಚಿಡುವುದು ನನ್ನ ಕ್ರಮವಲ್ಲ. ಕೂರಿಸಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಪಾರ್ಸೆಲುಗಳನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಕೈ ಎಲ್ಲಿಡಬೇಕೆಂದು ತಿಳಿಯದೆ ಪ್ಲಾಸ್ಟಿಕ್ ಚೀಲದ ಗಂಟನ್ನು ಬಿಚ್ಚಿದ, ಮತ್ತೆ ಕಟ್ಟಿದ.

"ಪರವಾಗಿಲ್ಲ ಅಣ್ಣ. ಬಿಸಿ ಆರುವ ಮುಂಚೆ ಊಟ ಮಾಡಿ," ಎಂದ.

ಹಾಜಿಯವರು ನಮಾಜು ಮುಗಿಸಿ ಬಂದಾಗ ಯಾರೂ ಊಟಕ್ಕೆ ಕೈ ಹಾಕಿರಲಿಲ್ಲ. ನಾನು ಹೊಸ ಹಾಳೆ ತೆಗೆದುಕೊಂಡು, ಮೇಲೆ 'ಅಂಗಡಿ' ಎಂದು ಬರೆದು, ವಾರದ ದಿನಗಳಿಗೆ ಗೆರೆ ಎಳೆದಿದ್ದೆ. ಶನಿವಾರದಿಂದ ಗುರುವಾರದವರೆಗೆ ಲಿಫ್ಟರ್. ಶುಕ್ರವಾರ ಸಂಜೆ ನಾನು. ಅದನ್ನು ಹಾಜಿಯವರ ಮುಂದೆ ಸರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಎಂತ ಮಾಸ್ಟ್ರೇ ಇದು? ಶುಕ್ರವಾರ ನಿಮಗೆ ರಜೆ."

"ರಜೆಯಲ್ಲಿ ಎಲ್ಲಿ ಕೂರ್ಬೇಕು ಅನ್ನುವುದು ನನ್ನ ಇಷ್ಟ ಅಲ್ವಾ? ಪ್ಲಗ್ಗು ಎಲ್ಲಿದೆ, ಫ್ಯಾನ್ ಬೆಲ್ಟು ಎಲ್ಲಿದೆ ನನಗೆ ಗೊತ್ತುಂಟು. ಕಪಾಟಿಗೆ ನಂಬರು ಬರೆದದ್ದು ನಾನೇ."

"ಗಿರಾಕಿ ಹತ್ರ ಚರ್ಚೆ ಮಾಡ್ಲಿಕ್ಕೆ ಬರ್ತದಾ? ಒಂದು ದಿನಾರ್ ಕಡಿಮೆ ಮಾಡಿ ಅಂದ್ರೆ ನೀವು ಸಿಳ್ಳೆ ಊದಿ ಹೊರಗೆ ಹಾಕ್ತೀರಿ!"

"ಸಿಳ್ಳೆ ಇವನಿಗೆ," ಎಂದು ಕೊರಳಿನಿಂದ ತೆಗೆದು ಕ್ಯಾಪ್ಟನ್ ಮುಂದಿಟ್ಟೆ.

"ಬೇಡ ಅಣ್ಣ," ಎಂದ ಲಿಫ್ಟರ್. "ನೀವಿಲ್ಲದೆ ಮ್ಯಾಚಾ? ನಾನು ಊರಿಗೆ ಹೋಗ್ತೇನೆ, ಅಲ್ಲೇ ಏನಾದ್ರೂ..."

"ಅಲ್ಲೇ ಏನು?" ಎಂದೆ.

ಹಾಜಿಯವರು ಹಾಳೆಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದರು. ಭಾವನ ಮಗನೋ, ಮನೆಯ ಅನ್ನವೋ ಅವರ ಮುಖದಲ್ಲಿ ಹಾದುಹೋದದ್ದು ನನಗೆ ಕಾಣಿಸಿತು. ಕೊನೆಗೆ ಫೋನ್ ತೆಗೆದು ವೀಸಾ ಪೇಪರಿಗೆ ಸಹಿ ಹಾಕುವ ಕಫೀಲ್ ಹತ್ತಿರ ಅರಬಿಯಲ್ಲಿ ಮಾತಾಡಿದರು. ನಡುವೆ ಎರಡು ಸಲ ನಕ್ಕರು, ಒಂದು ಸಲ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಭಾನುವಾರ ಬೆಳಗ್ಗೆ ಪೇಪರ್ ತರ್ಲಿಕ್ಕೆ ಹೇಳಿದ. ಸಹಿ ಹಾಕ್ತಾನೆ," ಎಂದು ಲಿಫ್ಟರನತ್ತ ತಿರುಗಿದರು. "ಖಲಾಸ್. ನೋಡು, ಗೆದ್ದು ಕಪ್ಪು ತಾರದಿದ್ರೆ ನನ್ನ ಹೆಂಡತಿಗೆ ಉತ್ತರ ನೀನೇ ಕೊಡ್ಬೇಕು. ಯಲ್ಲಾ, ಬಿರಿಯಾನಿ ತೆಗಿ!"

ಲಿಫ್ಟರ್ ಗಂಟು ಬಿಚ್ಚಲು ಹೋದ. ಗಂಟು ಇನ್ನೂ ಬಿಗಿಯಿತು. ಎಷ್ಟು ಜೋರಾಗಿ ಬರುವ ಚೆಂಡಿಗೂ ತಪ್ಪದ ಬೆರಳು. ಕ್ಯಾಪ್ಟನ್ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಹರಿದ.

ಪಟ್ಟಿಯಲ್ಲಿ ಮ್ಯಾನೇಜರ್ ಎಂಬ ಸಾಲಿನಲ್ಲಿ ನನ್ನ ಹೆಸರಿಗೆ ಗೆರೆ ಎಳೆದು ಕ್ಯಾಪ್ಟನ್ ಹೆಸರು ಬರೆದೆ. ಊಟ ಮಾಡಿದೆವು. ಮೂರೂವರೆಗೆ ಕ್ಯಾಪ್ಟನ್, ಲಿಫ್ಟರ್ ಇಬ್ಬರೂ ನೆಟ್ಟನ್ನು ಮೊಳೆಯಿಂದ ಇಳಿಸಿ ಹೆಗಲ ಮೇಲೆ ಹಾಕಿಕೊಂಡು ಅಭ್ಯಾಸಕ್ಕೆ ಹೊರಟರು. ಬಾಗಿಲಿನಲ್ಲಿ ಲಿಫ್ಟರ್ ತಿರುಗಿ ನಿಂತ, ಏನೋ ಹೇಳಬೇಕೆಂದಿದ್ದ. "ಹೊತ್ತಾಯಿತು," ಎಂದೆ. ಹೋದ.

ಇನ್ನು ಶುರುಮಾಡುವುದನ್ನು ಬರುವ ಸೀಸನ್ನಿಗೆ ಇಡುವುದೇಕೆಂದು ಆ ಸಂಜೆಯೇ ಕೌಂಟರಿನಲ್ಲಿ ಕುಳಿತೆ. ಒಬ್ಬ ಈಜಿಪ್ಟಿನವನು ಏರ್ ಫಿಲ್ಟರ್ ಕೇಳಿದ, ಕೊಟ್ಟೆ. ಒಬ್ಬ ಪಂಜಾಬಿ ಡ್ರೈವರ್ "ಭಾಯಿ, ಕುಛ್ ಕಮ್ ಕರೋ," ಎಂದ, ಸ್ವಲ್ಪ ಕಮ್ಮಿ ಮಾಡಿದೆ. ಹೊರಗೆ ಧೂಳು ಇನ್ನೂ ಗಾಳಿಯಲ್ಲೇ ಇತ್ತು. ಬೀದಿದೀಪಗಳು ಹೊತ್ತಿದಾಗ ಒಂದೊಂದರ ಸುತ್ತಲೂ ಹಳದಿ ಉಂಡೆ ಕಟ್ಟಿಕೊಂಡಿತು. ಅವು ಕಂಬಕ್ಕೆ ಅಂಟಿಕೊಳ್ಳದೆ ಸುಮ್ಮನೆ ಮೇಲೆ ನಿಂತಂತೆ ಕಂಡವು, ಯಾರೋ ಎತ್ತಿ ಕೊಟ್ಟು ಹೋದಂತೆ. ಗಿರಾಕಿಯೊಬ್ಬ ಮೂರನೆಯ ಬಾರಿ ಕೂಗಿದ ಮೇಲೆ ನಾನು ತಿರುಗಿದೆ.

ಅಂಗಡಿ ಖಾಲಿಯಾದಾಗ ಲಿಫ್ಟರ್ ಕೊಟ್ಟುಹೋಗಿದ್ದ ಪಾಸ್‌ಪೋರ್ಟಿನ ಪ್ರತಿ, ಫೋಟೋ, ಹಳೆಯ ಕಂಪೆನಿಯ ರಿಲೀಸ್ ಕಾಗದ ಮೂರನ್ನೂ ಕ್ರಮವಾಗಿ ಜೋಡಿಸಿ ಲಕೋಟೆಗೆ ಹಾಕಿದೆ. ಮೇಲೆ 'ಭಾನುವಾರ' ಎಂದು ಬರೆದು ಡ್ರಾಯರಿನಲ್ಲಿಟ್ಟೆ. ದೀಪ ಆರಿಸಿ ಶಟರ್ ಎಳೆದು ಬೀಗ ಹಾಕಿದೆ.